ನರ ಹಳದಿಯಾದ ಕಳೆ

ನವೆಂಬರ್ ಹೊತ್ತಿಗೆ ಹೆಜಮಾಡಿಯ ಹೊಯಿಗೆ ನೆಲ ಮಳೆಯ ನೀರನ್ನೆಲ್ಲ ಕುಡಿದು ಮುಗಿಸಿರುತ್ತದೆ. ಟೋಲ್‌ಗೇಟಿನ ಹತ್ತಿರ ಬಸ್ಸಿಳಿದು, ರಾಷ್ಟ್ರೀಯ ಹೆದ್ದಾರಿ 66ರ ಗದ್ದಲಕ್ಕೆ ಬೆನ್ನು ಹಾಕಿ ಕೋಡಿಯ ಕಡೆ ನಡೆಯುತ್ತಾ ಹೋದರೆ ಬಲಕ್ಕೆ ಕಡಲು, ಎಡಕ್ಕೆ ಶಾಂಭವಿ ಹೊಳೆ, ನಡುವೆ ತೆಂಗಿನ ಹಿತ್ತಿಲುಗಳು. ಕೆಂಪು ಕಲ್ಲಿನ ಆವರಣದ ಬುಡದಲ್ಲಿ ಮೊಣಕಾಲೆತ್ತರದ ಕಳೆ. ತಿಳಿನೀಲಿ ಕುಚ್ಚಿನಂಥ ಹೂವು, ಎಲೆ ಉಜ್ಜಿದರೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಊರಾಳ, ನಾಯಿತುಳಸಿ ಎಂದೆಲ್ಲ ಊರಿಗೊಂದು ಹೆಸರಿನಿಂದ ಕರೆಯುವ ಈ ಗಿಡ ಸಸ್ಯಶಾಸ್ತ್ರದಲ್ಲಿ ಅಜರೇಟಂ. ಅಮೆರಿಕದ ಉಷ್ಣವಲಯದಿಂದ ಬಂದು ಇಲ್ಲಿಯದೇ ಆಗಿಬಿಟ್ಟಿದೆ.

ಕಳೆದ ಸಲ ಹೋದಾಗ ಅಂಥ ಗಿಡಗಳಲ್ಲಿ ಕೆಲವು ಬಂಗಾರದ ಜರಿ ಹೊದ್ದಂತೆ ಕಂಡವು. ಎಲೆಯ ಒಡಲು ಹಸಿರು, ನರಗಳು ಮಾತ್ರ ಅಪ್ಪಟ ಹಳದಿ. ನಾನು ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದದ್ದನ್ನು ಕಂಡು ಆವರಣದ ಆಚೆಯಿಂದ ಒಬ್ಬರು ಕೇಳಿದರು, "ಎಂತ ನೋಡುದು ಮಾರಾಯ್ರೆ? ಅದಕ್ಕೆ ಸಾರ ಇಲ್ಲ, ಬರೀ ಹೊಯಿಗೆ." ಅವರ ಹಿತ್ತಿಲಿನಲ್ಲಿ ಬೆಂಡೆಯ ಸಾಲಿತ್ತು. ಅದರ ತುದಿಯ ಎರಡು ಗಿಡಗಳಲ್ಲೂ ಅದೇ ಹಳದಿ ಬಲೆ.

ಸಾರವಿಲ್ಲದ್ದಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯಲು ಸೂಕ್ಷ್ಮದರ್ಶಕ ಬೇಡ. ಕಬ್ಬಿಣದ ಅಂಶ ಸಾಲದೆ ಸೊರಗಿದ ಗಿಡದ ಎಳೆಯ ಎಲೆಯಲ್ಲಿ ನರ ಹಸಿರಾಗಿಯೇ ಉಳಿದು ನಡುವಿನ ಜಾಗ ಬಿಳಿಚುತ್ತದೆ. ಸಾರಜನಕ ಸಾಲದಿದ್ದರೆ ಕೆಳಗಿನ ಹಳೆಯ ಎಲೆ ಇಡಿಯಾಗಿ ಹಳದಿಯಾಗುತ್ತದೆ. ನರವೇ ಹಳದಿಯಾಗಿ ನಡುವೆ ಹಸಿರು ಉಳಿದಿದ್ದರೆ ಮಣ್ಣನ್ನು ಬೈದು ಪ್ರಯೋಜನವಿಲ್ಲ. ಎಲೆಯನ್ನು ಮೆಲ್ಲಗೆ ಮಗುಚಿ ನೋಡಬೇಕು. ಅಡಿಯಲ್ಲಿ ಒಂದು ಮಿಲಿಮೀಟರ್ ಉದ್ದದ, ಹಿಟ್ಟು ಉದುರಿದಂಥ ಬಿಳಿನೊಣಗಳು ಕಂಡರೆ ಇದು ಅವು ಹರಡುವ ವೈರಸ್ ರೋಗವೆಂಬ ಸಂಶಯ ಗಟ್ಟಿಯಾಗುತ್ತದೆ. ಆದರೂ ಅದು ಸಂಶಯವಷ್ಟೇ. ಯಾವ ವೈರಸ್ಸು, ಬೆಂಡೆಯದ್ದೂ ಕಳೆಯದ್ದೂ ಒಂದೆಯೋ ಬೇರೆಯೋ, ಇದ್ಯಾವುದನ್ನೂ ಕಣ್ಣು ಹೇಳಲಾರದು.

ಕಣ್ಣಿನ ಸಾಕ್ಷಿಗೆ ಬೆಲೆಯಿಲ್ಲ ಎಂದಲ್ಲ. ಕ್ರಿ.ಶ. 752ರಲ್ಲಿ, ಅಂದರೆ ನಮ್ಮಲ್ಲಿ ದಂತಿದುರ್ಗ ಬಾದಾಮಿ ಚಾಲುಕ್ಯರನ್ನು ಸೋಲಿಸಿ ರಾಷ್ಟ್ರಕೂಟರ ಆಳ್ವಿಕೆಗೆ ಬುನಾದಿ ಹಾಕುತ್ತಿದ್ದ ಕಾಲದಲ್ಲಿ, ಜಪಾನಿನ ಸಾಮ್ರಾಜ್ಞಿ ಕೋಕೆನ್ ಒಂದು ಪುಟ್ಟ ಪದ್ಯ ಬರೆದಳು. ಬೇಸಿಗೆಯಲ್ಲೇ ಒಂದು ಕಾಡುಗಿಡದ ಎಲೆ ಹಳದಿಯಾಗಿರುವುದು ಅದರ ವಿಷಯ. 'ಮನ್ಯೋಶೂ' ಎಂಬ ಪ್ರಾಚೀನ ಸಂಕಲನದಲ್ಲಿ ಆ ಪದ್ಯ ಉಳಿದುಕೊಂಡಿತು. ಗಿಡ ಯುಪಟೋರಿಯಂ. 2003ರಲ್ಲಿ ಇಂಗ್ಲೆಂಡ್ ಮತ್ತು ಜಪಾನಿನ ವಿಜ್ಞಾನಿಗಳು ಅದೇ ಜಾತಿಯ ಹಳದಿ ಎಲೆಗಳಿಂದ ವೈರಸ್ಸನ್ನೂ ಅದರ ಜತೆಗಾರನನ್ನೂ (ಆ ಕಥೆ ಮುಂದಿದೆ) ಹೊರತೆಗೆದು, ಅವನ್ನು ಆರೋಗ್ಯವಂತ ಗಿಡಕ್ಕೆ ಹಾಕಿ ಮತ್ತೆ ಹಳದಿ ಬರಿಸಿ, 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸಸ್ಯ ವೈರಸ್ ರೋಗದ ಅತಿ ಹಳೆಯ ದಾಖಲೆ ಎಂದರೆ ಈಗ ಆ ಪದ್ಯವೇ. ಗಮನಿಸಿ, ದಾಖಲಾದದ್ದು ಬೆಳೆಯ ರೋಗವಲ್ಲ, ಯಾರೂ ಬಿತ್ತದ ಗಿಡದ್ದು. ನಮ್ಮ ಕರಾವಳಿಯ ಗುಡ್ಡಗಳನ್ನೆಲ್ಲ ಆವರಿಸಿರುವ ಕಮ್ಯುನಿಸ್ಟ್ ಗಿಡವನ್ನೂ ಹಿಂದೆ ಇದೇ ಯುಪಟೋರಿಯಂ ಕುಲಕ್ಕೆ ಸೇರಿಸಿದ್ದರು. ಈಗ ಕ್ರೋಮೊಲೀನಾ ಎನ್ನುತ್ತಾರೆ. ಊರಾಳವೂ ಅದರ ಹತ್ತಿರದ ನೆಂಟನೇ.

ಬೆಂಡೆಯ ಹಳದಿ ರೋಗದ ದಾಖಲೆ ನಮ್ಮಲ್ಲಿ ಶುರುವಾಗುವುದು 1924ರಲ್ಲಿ. ಸಸ್ಯರೋಗ ತಜ್ಞ ಜಿ.ಎಸ್. ಕುಲಕರ್ಣಿ ಮುಂಬಯಿ ಪ್ರಾಂತ್ಯದ ಬೆಳೆಗಳ ಮೊಸಾಯಿಕ್ ರೋಗಗಳನ್ನು ಬರೆದಿಡುವಾಗ ಅದನ್ನೂ ಸೇರಿಸಿದರು. ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಆಗ ಆ ಪ್ರಾಂತ್ಯದಲ್ಲೇ ಇದ್ದವು. ಹೆಜಮಾಡಿ ಮದ್ರಾಸಿಗೆ ಸೇರಿತ್ತು. ಬಿಳಿನೊಣವೇ ಇದನ್ನು ಹರಡುವುದು ಎಂಬುದು ಗೊತ್ತಾಗುವ ಹೊತ್ತಿಗೆ ಸ್ವಾತಂತ್ರ್ಯ ಬಂದಿತ್ತು. ಆಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಈ ಬಳಗದ ವೈರಸ್ಸುಗಳು ಒಂದಕ್ಕೊಂದು ಅಂಟಿದ ಜೋಡಿ ಗುಂಡುಗಳಂತೆ ಕಂಡವು. ಅದಕ್ಕೇ ಮಿಥುನ ರಾಶಿಯ ಲ್ಯಾಟಿನ್ ಹೆಸರು ಹಿಡಿದು ಜೆಮಿನಿವೈರಸ್ ಎಂದರು. ಒಂದು ಜೋಡಿಯ ಉದ್ದ ಸುಮಾರು 30 ನ್ಯಾನೋಮೀಟರ್. ಒಂದರ ಹಿಂದೆ ಒಂದನ್ನು ಸಾಲಾಗಿ ಇಟ್ಟರೆ ಒಂದು ಬಿಳಿನೊಣದುದ್ದಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಹಿಡಿಯುತ್ತವೆ. ಒಳಗಿರುವುದು ಬಳೆಯಂತೆ ದುಂಡಗಿನ ಡಿ.ಎನ್.ಎ.; ಅದರಲ್ಲಿ ಸುಮಾರು 2,700 ಅಕ್ಷರ. ಇಷ್ಟು ಚಿಕ್ಕ ಓಲೆ ಸಾಕು, ಒಂದು ಸಾಲು ಬೆಂಡೆಯನ್ನು ಹಳದಿ ಮಾಡಲು.

ಸಾಕೇ? ಇಲ್ಲೇ ಊರಾಳ ವಿಜ್ಞಾನಿಗಳಿಗೆ ಮಣ್ಣು ಮುಕ್ಕಿಸಿತು. ಸಿಂಗಾಪುರದಲ್ಲಿ ಸಂಗ್ರಹಿಸಿದ ಹಳದಿ ನರದ ಊರಾಳದಿಂದ ವೈರಸ್ಸನ್ನು ಶುದ್ಧವಾಗಿ ತೆಗೆದು, ಆರೋಗ್ಯವಂತ ಊರಾಳಕ್ಕೆ ಹಾಕಿದರು. ಗಿಡದೊಳಗೆ ವೈರಸ್ ಇತ್ತು, ಆದರೆ ಎಲೆ ಹಳದಿಯಾಗಲಿಲ್ಲ. ಕಳ್ಳ ಸಿಕ್ಕಿದ್ದಾನೆ, ಕಳವಿನ ಮಾಲು ಇಲ್ಲ ಎಂಬಂತಾಯಿತು. ಒಗಟು ಬಿಡಿಸಿದ್ದು 2000ದಲ್ಲಿ. ವೈರಸ್ಸಿನ ಜತೆ ಅದರ ಅರ್ಧದಷ್ಟೇ ಉದ್ದದ, ಸುಮಾರು 1,350 ಅಕ್ಷರದ ಇನ್ನೊಂದು ಬಳೆ ಇರುತ್ತದೆ. ತಾನೇ ತಾನಾಗಿ ಬದುಕಲಾರದ, ವೈರಸ್ಸಿನ ಹೆಗಲೇರಿ ಬರುವ ಆ ಬಾಲಂಗೋಚಿಗೆ ಬೀಟಾ ಸ್ಯಾಟಲೈಟ್ ಎಂದು ಹೆಸರು. ಗಿಡದ ರಕ್ಷಣಾ ವ್ಯವಸ್ಥೆಯ ಬಾಯಿ ಕಟ್ಟುವುದು ಅದರ ಕೆಲಸ. ಎರಡೂ ಸೇರಿದಾಗ ಮಾತ್ರ ಊರಾಳಕ್ಕೆ ಆ ಬಂಗಾರದ ಬಣ್ಣ. 2003ರಲ್ಲಿ ಮಧುರೈಯ ಸಂಶೋಧಕರು ನಮ್ಮ ಬೆಂಡೆಯ ಹಳದಿಯೂ ಇಂಥ ಜೋಡಿಯದೇ ಕೆಲಸ ಎಂದು ತೋರಿಸಿದರು. ಹಾಗಾಗಿ "ವೈರಸ್ ಸಿಕ್ಕಿತು" ಎಂಬ ವರದಿ ಓದಿದಾಗ ನಾನು ಮೊದಲು ನೋಡುವುದು, ಜತೆಗಾರನನ್ನು ಹುಡುಕಿದ್ದಾರೋ ಇಲ್ಲವೋ ಎಂದು.

ಇಲ್ಲಿಯವರೆಗಿನದು ರೋಗ ಕಣ್ಣಿಗೆ ಕಂಡ ಗಿಡಗಳ ಮಾತಾಯಿತು. ಕಣ್ಣು ಪೂರ್ತಿ ಸೋತ ಕಥೆಗೆ ಕರಾವಳಿ ಬಿಟ್ಟು ಘಟ್ಟ ಹತ್ತಬೇಕು.

1997ರಲ್ಲಿ ಬಾಗೇಪಲ್ಲಿಯ ಸೂರ್ಯಕಾಂತಿ ಹೊಲಗಳಲ್ಲಿ ಹೊಸದೊಂದು ರೋಗ ಕಾಣಿಸಿಕೊಂಡಿತು. ಬಾಗೇಪಲ್ಲಿ ಆಗ ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. ಎಲೆಯ ಒಂದು ಪಕ್ಕ ಸುಟ್ಟಂತಾಗುವುದು, ಕಾಂಡದ ಮೇಲೆ ಕಪ್ಪು ಗೆರೆ ಇಳಿಯುವುದು, ಅರಳಬೇಕಾದ ಹೂತಲೆ ತಿರುಚಿಕೊಂಡು ಕಾಳು ಕಟ್ಟದಿರುವುದು. ಕೆಲವೇ ವರ್ಷಗಳಲ್ಲಿ ಅದು ಆಂಧ್ರ, ತಮಿಳುನಾಡು, ಮಹಾರಾಷ್ಟ್ರಗಳಿಗೂ ಹಬ್ಬಿತು. 2000ದ ಮುಂಗಾರಿನಲ್ಲಿ ಪಕ್ಕದ ಅನಂತಪುರದ ಶೇಂಗಾ ಹೊಲಗಳಲ್ಲಿ ಸುಳಿ ಕಪ್ಪಾಗಿ ಗಿಡ ಸಾಯತೊಡಗಿತು. ಸುಮಾರು 2.25 ಲಕ್ಷ ಹೆಕ್ಟೇರಿಗೆ ಹಬ್ಬಿ 300 ಕೋಟಿ ರೂಪಾಯಿಗೂ ಮೀರಿದ ನಷ್ಟ.

ಶೇಂಗಾಕ್ಕೆ ಸುಳಿ ಸಾಯುವ ರೋಗ ಹೊಸದಲ್ಲ. ಬಡ್ ನೆಕ್ರೋಸಿಸ್ ಎಂಬ ಹಳೆಯ ವೈರಸ್ಸೊಂದಿದೆ, ನೋಡಲು ಹೀಗೇ ಇರುತ್ತದೆ. ಹಾಗಾಗಿ ಮೊದಲು ಎಲ್ಲರ ಬೆರಳೂ ಅದರ ಕಡೆಗೇ ಹೋಯಿತು. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಎಂಬ ಬೆಳೆ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯದಲ್ಲಿ ಎಲೈಸಾ ಪರೀಕ್ಷೆ ಮಾಡಿದಾಗ ಹಳೆಯ ವೈರಸ್ಸಿನ ಆಂಟಿಸೀರಮ್ಮಿಗೆ, ಅಂದರೆ ಅದನ್ನು ಗುರುತಿಸುವ ಆಂಟಿಬಾಡಿಗಳ ದ್ರವಕ್ಕೆ, ಎಲೆಯ ರಸ ಓಗೊಡಲಿಲ್ಲ. ಓಗೊಟ್ಟದ್ದು ಟೊಬ್ಯಾಕೊ ಸ್ಟ್ರೀಕ್ ವೈರಸ್ಸಿನ ಆಂಟಿಸೀರಮ್ಮಿಗೆ. ಸೂರ್ಯಕಾಂತಿಯ ಕೇಡಿಗೂ ಅದೇ ಕಾರಣ.

ಎಲೈಸಾ ಎಂದರೆ ಕೋವಿಡ್ ಕಾಲದಿಂದ ಎಲ್ಲರಿಗೂ ಪರಿಚಿತವಾದ ಆಂಟಿಬಾಡಿ ಪರೀಕ್ಷೆಯ ಬಳಗವೇ. ಗಿಡಗಳ ವೈರಸ್ಸಿಗೆ ಇದನ್ನು ಒಗ್ಗಿಸಿದ್ದು 1977ರಲ್ಲಿ, ಕ್ಲಾರ್ಕ್ ಮತ್ತು ಆ್ಯಡಮ್ಸ್ ಎಂಬ ವಿಜ್ಞಾನಿಗಳು. ಪ್ಲಾಸ್ಟಿಕ್ ತಟ್ಟೆಯ 96 ಗುಳಿಗಳಲ್ಲಿ ಆಂಟಿಬಾಡಿ ಹಚ್ಚಿಟ್ಟು ಎಲೆಯ ರಸ ಹನಿಸಿದರೆ, ಹುಡುಕುವ ವೈರಸ್ ಇದ್ದ ಗುಳಿ ಹಳದಿಗೆ ತಿರುಗುತ್ತದೆ. ಒಂದು ದಿನದಲ್ಲಿ ನೂರಾರು ಗಿಡ ನೋಡಬಹುದು. ಅಷ್ಟು ಅಗ್ಗವಾದ್ದರಿಂದಲೇ ಹೊಲದ ಬೆಳೆಯನ್ನಷ್ಟೇ ಅಲ್ಲ, ಬದುವಿನ ಕಳೆಯನ್ನೂ ಪರೀಕ್ಷೆಗೆ ಹಾಕಲು ಸಾಧ್ಯವಾಯಿತು. ಆಗ ಸಿಕ್ಕಿಬಿದ್ದದ್ದು ಕಾಂಗ್ರೆಸ್ ಗಿಡ, ಪಾರ್ಥೇನಿಯಂ. (ಬಯಲುಸೀಮೆಗೆ ಕಾಂಗ್ರೆಸ್, ಕರಾವಳಿಗೆ ಕಮ್ಯುನಿಸ್ಟ್; ನಮ್ಮ ಜನ ಕಳೆಗಳಿಗೆ ಹೆಸರಿಡುವಾಗ ಯಾವ ಪಕ್ಷವನ್ನೂ ಬಿಟ್ಟುಕೊಟ್ಟಿಲ್ಲ.) ಒಂದು ಎಲೆಯೂ ಬಾಡದೆ, ಒಂದು ಚುಕ್ಕೆಯೂ ಇಲ್ಲದೆ, ಮೈತುಂಬ ಹೂ ಬಿಟ್ಟ ಗಿಡ. ಅದರ ಒಳಗೆ ವೈರಸ್, ಪರಾಗದಲ್ಲೂ ವೈರಸ್.

ಅದು ದಾಟುವ ಬಗೆಯೂ ವಿಚಿತ್ರ. ಬಿಳಿನೊಣ ವೈರಸ್ಸನ್ನು ಒಡಲೊಳಗೆ ಹೊತ್ತು ತಿರುಗುತ್ತದೆ. ಇಲ್ಲಿ ಹಾಗಲ್ಲ. ಗಾಳಿಗೆ ಹಾರಿದ ಪಾರ್ಥೇನಿಯಂ ಪರಾಗ ಶೇಂಗಾ ಎಲೆಯ ಮೇಲೆ ಕೂರುತ್ತದೆ. ಥ್ರಿಪ್ಸ್ ಕೀಟಗಳ ಮೈಗಂಟಿಯೂ ಬರುತ್ತದೆ. ಅಲ್ಲೇ ಮೇಯುವ ಥ್ರಿಪ್ಸ್ ಎಲೆಯ ಚರ್ಮ ಕೆರೆದಾಗ ಆದ ಗಾಯದ ಮೂಲಕ ಪರಾಗದ ವೈರಸ್ ಒಳಗೆ ಇಳಿಯುತ್ತದೆ. ಕೀಟ ಬರೀ ಬಾಗಿಲು ತೆಗೆಯುತ್ತದೆ, ಅಷ್ಟೇ. ಇದು ಗೊತ್ತಾದ ಮೇಲೆ ಉಪಾಯವೂ ಬದಲಾಯಿತು. ಸಾಯುತ್ತಿರುವ ಬೆಳೆಗೆ ಔಷಧಿ ಹೊಡೆಯುವುದಕ್ಕಿಂತ, ಪಾರ್ಥೇನಿಯಂ ಹೂ ಬಿಡುವ ಮೊದಲೇ ಕೀಳುವುದು, ಹೊಲದ ಸುತ್ತ ಜೋಳ ಅಥವಾ ಸಜ್ಜೆಯ ಕೆಲವು ಸಾಲು ಹಾಕಿ ಗಾಳಿಯಲ್ಲಿ ತೇಲಿ ಬರುವ ಥ್ರಿಪ್ಸ್‌ಗೆ ಅಡ್ಡಗೋಡೆ ಕಟ್ಟುವುದು. ರೋಗ ಹೊಲದಲ್ಲಿ, ಮದ್ದು ಬದುವಿನಲ್ಲಿ.

ಹೆಜಮಾಡಿಯ ಆ ಎರಡು ಬೆಂಡೆ ಗಿಡಗಳಿಗೆ ಬರೋಣ. ಅವುಗಳ ವೈರಸ್ ಯಾವುದೆಂದು ತಿಳಿಯಬೇಕಾದರೆ ಎಲೆಯಿಂದ ಡಿ.ಎನ್.ಎ. ತೆಗೆಯಬೇಕು. ಇಲ್ಲಿ ಎದುರಾಗುವ ತೊಡಕು ಅಡುಗೆಮನೆಯಲ್ಲಿ ಎಲ್ಲರೂ ಕಂಡದ್ದೇ: ಲೋಳೆ. ಬೆಂಡೆ ಹೆಚ್ಚಿದಾಗ ಕತ್ತಿಗಂಟುವ ಆ ಲೋಳೆ ಪ್ರಯೋಗಾಲಯದಲ್ಲಿ ಡಿ.ಎನ್.ಎ.ಗೇ ಅಂಟಿಕೊಂಡು ಕೆಳಗಿಳಿಯುತ್ತದೆ. ಅದಿದ್ದರೆ ಡಿ.ಎನ್.ಎ.ಯ ನಕಲು ತೆಗೆಯುವ ಪಿ.ಸಿ.ಆರ್. ಯಂತ್ರದೊಳಗಿನ ಕಿಣ್ವ ಕೆಲಸ ಮಾಡುವುದಿಲ್ಲ. ಅಡುಗೆಯಲ್ಲಿ ಹುಳಿಯೋ ಮಜ್ಜಿಗೆಯೋ ಬಿದ್ದರೆ ಲೋಳೆ ಹೋಗುತ್ತದೆ. ಇಲ್ಲಿ ಉಪ್ಪಿನ ಪ್ರಮಾಣ ಏರಿಸುತ್ತಾರೆ. ಕಾಡುಗಿಡಗಳದ್ದು ಇನ್ನೊಂದು ಪಾಡು. ಯಾರ ಆರೈಕೆಯೂ ಇಲ್ಲದೆ ಬದುಕಬೇಕಾದ ಅವು ಕಹಿ, ಒಗರು, ಹಾಲು, ಅಂಟು ಎಲ್ಲವನ್ನೂ ಮೈಯಲ್ಲಿ ತುಂಬಿಕೊಂಡಿರುತ್ತವೆ. ಟೊಮೆಟೊ ಎಲೆಗೆ ಸಲೀಸಾಗಿ ನಡೆದ ವಿಧಾನ ಕಳೆಗೆ ಕೈಕೊಡುವುದು ಮಾಮೂಲು. ಪರೀಕ್ಷೆ "ಇಲ್ಲ" ಎಂದರೆ ವೈರಸ್ ಇಲ್ಲವೆಂದೋ, ಒಗರು ಕಿಣ್ವದ ಕತ್ತು ಹಿಸುಕಿತೆಂದೋ ತಿಳಿಯಲು ಗಿಡದ್ದೇ ಒಂದು ಜೀನನ್ನು ಜತೆಗೆ ಪರೀಕ್ಷಿಸಬೇಕು. ಅದೂ ಬಾರದಿದ್ದರೆ ತಪ್ಪು ಗಿಡದ್ದಲ್ಲ, ನಮ್ಮದು.

ಪಿ.ಸಿ.ಆರ್.ಗೆ ಇನ್ನೊಂದು ಮಿತಿ ಇದೆ. ಹುಡುಕುವವನ ಗುರುತು ಮೊದಲೇ ಸ್ವಲ್ಪ ಗೊತ್ತಿರಬೇಕು; ಆ ಗುರುತಿಗೆ ಹೊಂದುವ ಚಿಕ್ಕ ಡಿ.ಎನ್.ಎ. ತುಂಡುಗಳನ್ನು, ಅಂದರೆ ಪ್ರೈಮರುಗಳನ್ನು, ಮಾಡಿಟ್ಟುಕೊಂಡಿರಬೇಕು. ಯಾರೂ ನೋಡದ ಕಳೆಯಲ್ಲಿ ಯಾರೂ ನೋಡದ ವೈರಸ್ ಇದ್ದರೆ? ಜೆಮಿನಿವೈರಸ್ಸುಗಳ ಮಟ್ಟಿಗೆ ಇದಕ್ಕೊಂದು ಚಂದದ ಉತ್ತರವಿದೆ. ಬ್ಯಾಕ್ಟೀರಿಯಾ ತಿನ್ನುವ ಒಂದು ವೈರಸ್ಸಿನಿಂದ ತೆಗೆದ ಫೈ29 ಎಂಬ ಕಿಣ್ವ, ದುಂಡಗಿನ ಡಿ.ಎನ್.ಎ. ಸಿಕ್ಕರೆ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಪ್ರತಿ ಸುತ್ತಿಗೂ ಒಂದು ನಕಲು, ನಕಲಿಗೆ ನಕಲು ಜೋಡಿಸಿಕೊಂಡು ಹುರಿಹಗ್ಗದಂತೆ ಉದ್ದವಾಗುತ್ತದೆ. ವೈರಸ್ಸಿನ ಹೆಸರು ಗೊತ್ತಿರಬೇಕಾಗಿಲ್ಲ, ಬಳೆಯಾಗಿದ್ದರೆ ಸಾಕು. ಬಾಲಂಗೋಚಿ ಸ್ಯಾಟಲೈಟ್ ಕೂಡ ಬಳೆಯೇ ಆದ್ದರಿಂದ ಅದೂ ಬಲೆಗೆ ಬೀಳುತ್ತದೆ. ಆರ್.ಎನ್.ಎ. ವೈರಸ್ಸುಗಳು ಮಾತ್ರ ಇದರ ಕೈಗೆ ಸಿಗುವುದಿಲ್ಲ.

ಅವನ್ನೂ ಹಿಡಿಯುವ ದಾರಿ ತೋರಿದ್ದು ಗಿಡವೇ. ವೈರಸ್ ಒಳನುಗ್ಗಿದಾಗ ಗಿಡ ಅದರ ಆರ್.ಎನ್.ಎ.ಯನ್ನು 21ರಿಂದ 24 ಅಕ್ಷರಗಳ ಚೂರುಗಳಾಗಿ ಕತ್ತರಿಸುತ್ತದೆ. ಆ ಚೂರುಗಳನ್ನೇ ಗುರುತಿನ ಚೀಟಿಯಾಗಿ ಹಿಡಿದು ಉಳಿದ ವೈರಸ್ಸನ್ನೂ ಹುಡುಕಿ ಕತ್ತರಿಸುತ್ತದೆ. ಅಂದರೆ ಯಾರ್‍ಯಾರು ಒಳಗೆ ಬಂದಿದ್ದರೆಂಬುದರ ಠಾಣೆಯ ಡೈರಿ ಎಲೆಯಲ್ಲೇ ಇದೆ. 2009ರಲ್ಲಿ ಪೆರುವಿನ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದವರು ಗೆಣಸಿನ ಗಿಡದ ಇಂಥ ಚೂರುಗಳನ್ನೆಲ್ಲ ಓದಿ, ಕಂಪ್ಯೂಟರಿನಲ್ಲಿ ಅಂಟಿಸಿ, ಅದುವರೆಗೆ ಗೊತ್ತಿಲ್ಲದಿದ್ದ ವೈರಸ್ಸುಗಳನ್ನು ಹೊರಗೆಳೆದರು. ಯಾರನ್ನು ಹುಡುಕುತ್ತಿದ್ದೇವೆಂದು ಮೊದಲೇ ಹೇಳಬೇಕಾದ ಕಾಲ ಅಲ್ಲಿಗೆ ಮುಗಿಯಿತು.

ಹೀಗೆ ಹುಡುಕತೊಡಗಿದಾಗ ಸಿಕ್ಕಿದ್ದು ಗಲಿಬಿಲಿ ಹುಟ್ಟಿಸುವಂಥದ್ದು. ಕೋಸ್ಟರಿಕಾದ ಕಾಡುಗಳಲ್ಲಿ ವೈರಸ್ ವಿಜ್ಞಾನಿ ಮರಿಲಿನ್ ರೂಸಿಂಕ್ ತಂಡ ಸಾವಿರಾರು ಗಿಡ ಪರೀಕ್ಷಿಸಿದರೆ ಬಹಳಷ್ಟು ಗಿಡಗಳಲ್ಲಿ ವೈರಸ್. ರೋಗದ ಚಿಹ್ನೆ ಮಾತ್ರ ಹೆಚ್ಚಿನವುಗಳಲ್ಲಿ ಇಲ್ಲ. ಅಮೆರಿಕದ ಯೆಲ್ಲೋಸ್ಟೋನಿನ ಬಿಸಿನೆಲದಲ್ಲಿ ಬೆಳೆಯುವ ಹುಲ್ಲಿನ ವಿಷಯವನ್ನು ಇದೇ ತಂಡ 2007ರಲ್ಲಿ ಪ್ರಕಟಿಸಿತು: ಹುಲ್ಲಿನೊಳಗೆ ಒಂದು ಶಿಲೀಂಧ್ರ, ಶಿಲೀಂಧ್ರದೊಳಗೆ ಒಂದು ವೈರಸ್. ಮೂರೂ ಇದ್ದರೆ ಬೇರು 65 ಡಿಗ್ರಿ ಸೆಲ್ಸಿಯಸ್ ತಾಳುತ್ತದೆ. ವೈರಸ್ಸನ್ನು ತೆಗೆದುಬಿಟ್ಟರೆ ಹುಲ್ಲು ಬಾಡುತ್ತದೆ. ಆದ್ದರಿಂದ ಕಳೆಯಲ್ಲಿ ವೈರಸ್ ಪತ್ತೆಯಾಯಿತೆಂದ ಮಾತ್ರಕ್ಕೆ ಅದು ರೋಗದ ತವರು ಎಂದು ಬರೆಯುವವರ ಅವಸರ ನನಗೆ ಒಪ್ಪಿಗೆಯಿಲ್ಲ. ಕಳೆಯಿಂದ ಬೆಂಡೆಗೆ ಬಂತೋ, ಬೆಂಡೆಯಿಂದ ಕಳೆಗೆ ಹೋಯಿತೋ ಎಂದು ತೀರ್ಮಾನಿಸಲು ಎರಡೂ ಕಡೆಯ ವೈರಸ್ಸಿನ ಪೂರ್ತಿ ಅಕ್ಷರಮಾಲೆ ಬೇಕು, ಬಿಳಿನೊಣ ಎರಡರ ಮೇಲೂ ಮೇಯುತ್ತದೆಂಬುದಕ್ಕೆ ಸಾಕ್ಷಿ ಬೇಕು, ಒಂದರಿಂದ ಇನ್ನೊಂದಕ್ಕೆ ದಾಟಿಸಿ ತೋರಿಸಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿ. ಮುನಿಯಪ್ಪ ಮತ್ತು ಅವರ ಜತೆಯವರು ಟೊಮೆಟೊ ಎಲೆಮುರುಟು ರೋಗಕ್ಕಾಗಿ ವರ್ಷಗಟ್ಟಲೆ ಮಾಡಿದ್ದು ಇಂಥ ಬೆವರಿಳಿಸುವ ಕೆಲಸವನ್ನೇ. 1999ರಲ್ಲಿ ಕೋಲಾರದಲ್ಲಿ ಬಿಳಿನೊಣದ ಹೊಸದೊಂದು ಪಂಗಡ ಬಂದಿಳಿದದ್ದು ಪತ್ತೆಯಾದದ್ದೂ ಆ ನಿಗಾದಿಂದಲೇ. ರೋಗ ತಡೆಯುವ 'ಸಂಕ್ರಾಂತಿ', 'ನಂದಿ', 'ವೈಭವ್' ಟೊಮೆಟೊ ತಳಿಗಳು ಬಂದದ್ದೂ ಅಲ್ಲಿಂದ.

ಕಾಡಿನಲ್ಲಿರುವುದು ರೋಗ ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ 'ಅರ್ಕಾ ಅನಾಮಿಕಾ' ಬೆಂಡೆಯನ್ನು ಕಟ್ಟಿದಾಗ ಹಳದಿ ರೋಗ ತಡೆಯುವ ಗುಣ ತಂದದ್ದು ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಒಂದು ಕಾಡುಬೆಂಡೆಯಿಂದ. ವರ್ಷಗಳು ಕಳೆದಂತೆ ವೈರಸ್ ಆ ಬೇಲಿಯನ್ನೂ ಹಲವೆಡೆ ದಾಟಿತು, ಅದು ಬೇರೆ ಮಾತು.

ಹೆಜಮಾಡಿಯಿಂದ ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ ದೂರದ ಮಣಿಪಾಲದಲ್ಲಿ ದೇಶವೇ ಬಲ್ಲ ವೈರಸ್ ಪ್ರಯೋಗಾಲಯವಿದೆ. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡಿನ ಜ್ವರ ನಿಪಾ ಎಂದು ಗುರುತಿಸಿದ್ದು ಅಲ್ಲೇ. ಅಲ್ಲಿಯ ಕೆಲಸ ಮನುಷ್ಯರ ವೈರಸ್ಸಿನದು. ಬೆಂಡೆ ಎಲೆ ಹಿಡಿದುಕೊಂಡು ಹೋಗುವ ಜಾಗವಲ್ಲ. ಆವರಣದ ಆಚೆಯವರಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಹಳದಿಯಾದ ಎರಡು ಬೆಂಡೆ, ಅವುಗಳ ಹತ್ತಿರದ ಹಳದಿ ಊರಾಳ ಇಷ್ಟನ್ನು ಕಿತ್ತರೆ ಸಾಕು, ಹಸಿರು ಇರುವುದನ್ನೆಲ್ಲ ಬೋಳಿಸುವುದು ಬೇಡ ಎಂದೆ. ಅವರು ಕೂಡಲೇ ಊರಾಳವನ್ನು ಕಿತ್ತು, ಹೊದಿಕೆಯಾಗಲಿ ಎಂದು ಬೆಂಡೆ ಸಾಲಿನ ಬುಡಕ್ಕೇ ಎಸೆದರು.

ನೀವು ಹಾಗೆ ಮಾಡಬೇಡಿ. ಕಿತ್ತ ಗಿಡವನ್ನು ಬೆಳ್ಳಂಬೆಳಗ್ಗೆ, ನೊಣ ಇನ್ನೂ ಚುರುಕಾಗುವ ಮೊದಲು, ಚೀಲದೊಳಗೆ ಕಟ್ಟಿ ದೂರ ಒಯ್ದು ಹೂಳಿ. ಎಲೆ ಬಾಡಿದ ಕೂಡಲೇ ಬಿಳಿನೊಣ ಅದನ್ನು ಬಿಟ್ಟು ಏಳುತ್ತದೆ. ಆಗ ಅದಕ್ಕೆ ಹತ್ತಿರದಲ್ಲಿ ಸಿಗುವ ಹಸಿರು ನಿಮ್ಮ ಬೆಂಡೆಯೇ.